ಮಳೆಗಾಲ ಕಳೆದ ಮೇಲೆ ಕಲ್ಲು

ಮಾನ್ವಿಯ ನಮ್ಮ ಸಮಾಧಿ ಭೂಮಿಯಲ್ಲಿ ಹೊಸ ಗುಂಡಿಯ ಮೇಲೆ ತಕ್ಷಣ ಕಲ್ಲು ಹಾಕುವುದಿಲ್ಲ. ಅದು ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅವಸರ ಮಾಡಿ ಕಲ್ಲು ಕೂರಿಸಿದವರ ಗೋರಿಗಳೆಲ್ಲ ಅಲ್ಲಿ ಕುಡಿದವರಂತೆ ವಾಲಿಕೊಂಡಿವೆ. ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರಿಬ್ಬರು ಅಲ್ಲಿ ಅಕ್ಕಪಕ್ಕದಲ್ಲಿದ್ದಾರೆ. ಒಬ್ಬನ ಕಲ್ಲು ಆ ಕಡೆಗೆ ಬಾಗಿದೆ, ಇನ್ನೊಬ್ಬನದು ಈ ಕಡೆಗೆ. ಅದಕ್ಕೇ ನಮ್ಮವರಲ್ಲಿ ಒಂದು ರೂಢಿ: ಮಣ್ಣು ಒಂದು ಮಳೆಗಾಲ ನೀರು ಕುಡಿಯಬೇಕು, ಕುಸಿಯುವಷ್ಟು ಕುಸಿಯಬೇಕು, ಆಮೇಲೆ ಕಲ್ಲು. ನವೆಂಬರಿನಲ್ಲಿ ಬರುವ ಸತ್ತವರ ದಿನ ಫಾದರ್ ಬಂದು ಒಂದೊಂದೇ ಸಮಾಧಿಗೆ ಪವಿತ್ರ ಜಲ ಚಿಮುಕಿಸುತ್ತಾರೆ. ಆ ಹೊತ್ತಿಗೆ ಕಲ್ಲು ಇದ್ದರಾಯಿತು.

ನನ್ನ ಗಂಡ ತೀರಿಕೊಂಡದ್ದು ಚಳಿಗಾಲದಲ್ಲಿ. ಶಾಲೆಯಲ್ಲಿ, ಬಿಸಿಯೂಟದ ಹೊತ್ತಿನಲ್ಲಿ, ಕುರ್ಚಿಯ ಮೇಲೆ ಕೂತವರು ಕೂತಂತೆಯೇ ಹೋದರು. ಅವರು ಮಾನ್ವಿ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರು. ನಾನು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಮನೆ ರಾಯಚೂರಿನಲ್ಲಿ. ಮಕ್ಕಳಾಗಲಿಲ್ಲ. ಅತ್ತೆ ಮಾತ್ರ ಮಾನ್ವಿ ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದು, ತಮ್ಮ ತಂಗಿಯ ಸಂಸಾರದ ಜೊತೆ ಅಲ್ಲೇ ಇದ್ದರು.

ನನಗೆ ಅಳು ಬರಲಿಲ್ಲ. ಮಣ್ಣು ಕೊಡುವಾಗಲೂ ಬರಲಿಲ್ಲ. ಬಂದವರು ನನ್ನ ಮುಖ ನೋಡಿ ನೋಡಿ, ಇವಳಿಗೆ ಆಘಾತವಾಗಿದೆ ಎಂದು ತಾವೇ ಸಮಾಧಾನ ಮಾಡಿಕೊಂಡರು. ಆಘಾತವೂ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕುತ್ತಾರಲ್ಲ, ಆಗ ದವಡೆ ಇದೆ ಎಂದು ಗೊತ್ತಿರುತ್ತದೆ, ನನ್ನದು ಎನಿಸುವುದಿಲ್ಲ. ಹಾಗಿತ್ತು. ವಾರ ಕಳೆದು ಶಾಲೆಗೆ ಹೋದೆ. ಎಲೆ ಹೇಗೆ ಅನ್ನ ಮಾಡಿಕೊಳ್ಳುತ್ತದೆ ಎಂದು ಹೇಳಿಕೊಟ್ಟೆ. ಒಂದು ಬೆಳಿಗ್ಗೆ ರೊಟ್ಟಿಯ ಹಂಚು ಬರಿಗೈಯಲ್ಲಿ ಹಿಡಿದಿದ್ದೆ, ಚರ್ಮದ ವಾಸನೆ ಬಂದ ಮೇಲೆ ಬಿಟ್ಟೆ. ಜನ ಬಂದು, ದೇವರು ಒಳ್ಳೆಯವರನ್ನೇ ಬೇಗ ಕರೆದುಕೊಳ್ಳುತ್ತಾನೆ ಎಂದರು. ಹಾಗಾದರೆ ನೀವು ನೂರು ವರ್ಷ ಬದುಕುತ್ತೀರಿ ಬಿಡಿ ಎಂದು ಬಾಯಿಗೆ ಬಂದಿತ್ತು. ಚಹಾ ಮಾಡಿ ಕೊಟ್ಟು ಕಳಿಸಿದೆ.

ಭಾನುವಾರ ಅವರು ಮಾನ್ವಿಯ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳುತ್ತಿದ್ದರು. ಸಂಬಳವಿಲ್ಲದ ಆ ಕೆಲಸಕ್ಕೆ ವಾರದ ರಜೆ ಬಲಿ ಕೊಟ್ಟು ಬಸ್ಸು ಹತ್ತುತ್ತಿದ್ದರು. ಸೃಷ್ಟಿಯ ಪಾಠ ಬಂದರೆ ಅವರಿಗೆ ಹುರುಪು. ಬೆಳಕಿಗೆ ಒಂದು ದಿನ ಸಿಕ್ಕಿತು, ಆಕಾಶಕ್ಕೆ ಒಂದು ದಿನ ಸಿಕ್ಕಿತು, ಮನುಷ್ಯನಿಗೆ ಅಂತ ದೇವರು ಪ್ರತ್ಯೇಕ ದಿನವನ್ನೇ ಇಡಲಿಲ್ಲ ನೋಡಿ, ಎನ್ನುವರು. ಆರನೆಯ ದಿನ ದನಕರು, ಹುಳಹುಪ್ಪಟೆ ಎಲ್ಲ ಮುಗಿದ ಮೇಲೆ ಅದೇ ದಿನದ ಸಂಜೆಗೆ ಇವನ ಸರದಿ. "ಸಿರವಾರ ಬಸ್ಸಿಗೆ ಕೊನಿಗೆ ಬಂದು ಜೋತುಬಿದ್ದಾಂವ ಮನಷ್ಯಾ," ಎಂದು ಮಕ್ಕಳಿಗೆ ಹೇಳುತ್ತಿದ್ದರು, "ಈಗ ನೋಡ್ರಿ, ಬಸ್ಸ ನಮ್ಮಪ್ಪಂದು ಅಂತಾನ." ಮಕ್ಕಳು ನಗುತ್ತಿದ್ದರು. ಮನುಷ್ಯ ಇನ್ನೂ ಬರುವ ಮೊದಲೇ ದೇವರು ಎಲ್ಲವನ್ನೂ ನೋಡಿ ಚೆನ್ನಾಗಿದೆ ಎಂದದ್ದನ್ನು ಅವರು ಎರಡೆರಡು ಸಲ ಹೇಳಿಸುತ್ತಿದ್ದರು. ತೋಟವನ್ನು ನಮಗೆ ಬರೆದುಕೊಟ್ಟಿಲ್ಲ, ಉತ್ತು ಕಾಯಲು ಇಟ್ಟಿದ್ದಾನೆ ಎಂಬುದು ಅವರ ಕೊನೆಯ ಮಾತು.

ಈ ಕೊನೆಯ ಮಾತನ್ನು ಒಮ್ಮೆ ಅತ್ತೆಯ ಮುಂದೆಯೂ ಹೇಳಿದ್ದರು. ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ನಕ್ಕುಬಿಟ್ಟರು. "ಯಪ್ಪಾ, ಮಂದಿ ಹೊಲ ಕಾದು ಕಾದು ನಮ್ಮ ಹಿರ್ಯಾರ ಸೊಂಟ ಬಿದ್ದಾವ. ಈಗ ದೇವ್ರೂ ಹೊಲ ಕಾಯಾಕ ಇಟ್ಟಾನೇನು? ಮಾಲಕ್ರು ಆಗೂದು ಯಾವಾಗಪ್ಪ ನಾವು?" ಧರ್ಮೋಪದೇಶ ಹೇಳುವವರಿಗೆ ಮನೆಯಲ್ಲಿ ಅಂಥ ತಾಯಿ ಇರಬಾರದು ಎಂದು ನಾನು ಗಂಡನನ್ನು ರೇಗಿಸಿದ್ದೆ.

ಅವರು ತೀರಿಕೊಳ್ಳುವ ಹಿಂದಿನ ವರ್ಷ, ವಿಭೂತಿ ಬುಧವಾರ, ಸಂಜೆಯ ಪೂಜೆ ಮುಗಿಸಿ ರಾಯಚೂರಿನ ಮನೆಗೆ ಬಂದಿದ್ದೆವು. ಫಾದರ್ ಹಣೆಗೆ ಬೂದಿ ಹಚ್ಚಿ, ನೀನು ಮಣ್ಣು, ಮಣ್ಣಿಗೇ ಹೋಗುತ್ತೀ ಎಂದು ನೆನಪಿಸುವ ದಿನ ಅದು. ಅವರು ಬಚ್ಚಲಲ್ಲಿ ಮುಖ ತೊಳೆಯುತ್ತ, ಸೊಪ್ಪು ಹೆಚ್ಚುತ್ತಿದ್ದ ನನಗೆ ಕೇಳುವಂತೆ ಅಂದರು: "ನಾ ಹ್ವಾದ್ರ ನನ್ನ ಮ್ಯಾಲ ಕಲ್ಲ ಹೊರಸಬ್ಯಾಡ್ರಿ. ಬರೇ ಮಣ್ಣ ಇರ್ಲಿ. ಹುಲ್ಲ ಬೆಳೀಲಿ, ಆಡು ಬಂದು ಮೇಯ್ಲಿ." ನಾನು ಅಂದೆ, "ಮೊದ್ಲ ಸಾಬಾಣ ತೊಳ್ಕೊಳ್ರಿ, ಕಿವ್ಯಾಗ ಹಂಗ ಅದ." ಆ ಮಾತು ಅಲ್ಲಿಗೆ ಮುಗಿಯಿತು. ನಾವಿಬ್ಬರೂ ಅದನ್ನು ಮತ್ತೆ ಎತ್ತಲಿಲ್ಲ. ಅದನ್ನು ಕೇಳಿಸಿಕೊಂಡವಳು ನಾನೊಬ್ಬಳೇ.

ಅತ್ತೆಗೆ ಕಲ್ಲು ಬೇಕಾಗಿತ್ತು. ಮಣ್ಣು ಕೊಟ್ಟ ಮೂರನೆಯ ದಿನವೇ ಹೇಳಿದ್ದರು. ಸಣ್ಣ ಕಲ್ಲಲ್ಲ, ತಲೆಯಿಂದ ಪಾದದ ತನಕ ಮುಚ್ಚುವ ಒಂದೇ ಕರಿಕಲ್ಲಿನ ಹಾಸು, ಮೇಲೆ ಶಿಲುಬೆ, ಹೆಸರು, ಕೆಳಗೆ ಮಾಸ್ತರು ಎಂದು. ಅವರು ದೇವದುರ್ಗದ ಕಡೆಯವರು. ಅಲ್ಲಿ ಊರ ಹೊರಗಿನ ಒಂದು ಕಲ್ಲುಗುಡ್ಡದಲ್ಲಿ ವಯಸ್ಸಿನಲ್ಲಿ ಕಲ್ಲು ಒಡೆಯಲು ಹೋಗುತ್ತಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವರು ಬಾಣಂತನ ಮುಗಿಯುವ ಮೊದಲೇ ಮತ್ತೆ ಸುತ್ತಿಗೆ ಹಿಡಿದಿದ್ದರಂತೆ. ಮಗುವನ್ನು ಗುಡ್ಡದ ಬುಡದ ಬೇವಿನ ಮರಕ್ಕೆ ಸೀರೆ ಕಟ್ಟಿ ಮಲಗಿಸುತ್ತಿದ್ದರು. "ಸುತ್ತಿಗಿ ಸಪ್ಪಳ ನಿಂತ್ರ ಎದ್ದು ಅಳ್ತಿದ್ದ," ಎಂದು ಹೇಳುವುದು ನನಗೆ ಮದುವೆಯಾದ ಹೊಸದರಿಂದಲೂ ಗೊತ್ತು. ಕಲ್ಲನ್ನು ಆ ಗುಡ್ಡದಿಂದಲೇ ತರಬೇಕು ಎಂಬುದು ಅವರ ಲೆಕ್ಕ. ಊರ ಮಂದಿಯ ಮನೆಗಳಿಗೆಲ್ಲ ಕಲ್ಲು ಒಡೆದುಕೊಟ್ಟಿದ್ದೇನೆ, ಆ ಗುಡ್ಡ ಒಂದನ್ನಾದರೂ ಇಡಿಯಾಗಿ ನನ್ನ ಮಗನಿಗೆ ಕೊಡಲಿ ಎನ್ನುತ್ತಿದ್ದರು.

ನಾನು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ. ಮಳೆಗಾಲ ಮುಗಿಯಲಿ ಎಂದಿದ್ದೆ. ಆ ರೂಢಿ ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಮಳೆ ಚೆನ್ನಾಗಿಯೇ ಆಯಿತು. ಕಾಲುವೆ ಕಡೆ ಭತ್ತದ ನಾಟಿ ಮುಗಿದ ಮೇಲೆ ಒಂದು ರವಿವಾರ ನಾನು, ಅತ್ತೆ ಸಮಾಧಿ ನೋಡಲು ಹೋದೆವು. ದಿಬ್ಬ ಇಳಿದು ಹೋಗಿತ್ತು. ನಾವು ನೆಟ್ಟಿದ್ದ ಕಟ್ಟಿಗೆಯ ಶಿಲುಬೆಯನ್ನು ಗೆದ್ದಲು ಹತ್ತಿ ಬುಡದಲ್ಲಿ ಪೊಳ್ಳು ಮಾಡಿದ್ದವು, ಮುಟ್ಟಿದರೆ ಕೈಗೆ ಬಂತು. ಆರನೆಯ ದಿನದವರು ತಮ್ಮ ಪಾಲು ತೆಗೆದುಕೊಂಡಿದ್ದರು. ನನ್ನ ಗಂಡ ಇದ್ದಿದ್ದರೆ ಹಾಗೆಯೇ ಹೇಳುತ್ತಿದ್ದರು ಎಂದು ಅನಿಸಿತು, ಅನಿಸಿದರೂ ಒಳಗೇನೂ ಅಲುಗಲಿಲ್ಲ. ಸುತ್ತ ಎಲ್ಲ ಕಡೆ ಬಂಡೆ, ಸಿಮೆಂಟು, ಬಚ್ಚಲಿಗೆ ಹಾಕುವಂಥ ಬಿಳಿ ಟೈಲ್ಸು. ನಡುವೆ ಇವರದೊಂದು ಬರಿ ಮಣ್ಣು, ಮೇಲೆ ಒಂದು ಗೇಣು ಹುಲ್ಲು.

ಅತ್ತೆ ಕೂತು ಹುಲ್ಲು ಕೀಳತೊಡಗಿದರು. ನನಗೆ ಆಗ ಹೇಳಬೇಕೆನಿಸಿತು.

"ಅತ್ತಿ, ಅವ್ರಿಗಿ ಕಲ್ಲ ಬ್ಯಾಡಾಗಿತ್ತು. ನನ್ನ ಮುಂದ ಹೇಳ್ಯಾರ. ಮಣ್ಣ ಇರ್ಲಿ, ಹುಲ್ಲ ಬೆಳೀಲಿ ಅಂದಿದ್ರು."

ಅತ್ತೆಯ ಕೈ ನಿಂತಿತು. "ಯಾವಾಗ?"

"ಬೂದಿ ಹಚ್ಚೂ ದಿನ. ಹೋದ ವರ್ಸ."

"ಯಾಕ ಹಂಗಂದ?"

ನಾನು ಅವರ ಪಾಠವನ್ನೇ ಒಪ್ಪಿಸಿದೆ. ದೇವರು ಮನುಷ್ಯನನ್ನು ಮಣ್ಣಿನಿಂದ ಮಾಡಿದ, ಕೊನೆಗೆ ಮಣ್ಣಿಗೇ ಕೊಡಬೇಕು, ಕಲ್ಲು ಹಾಕಿದರೆ ಕೊಟ್ಟಂತಾಗುವುದಿಲ್ಲ. ಒಂದು ಗುಡ್ಡ ಕಡಿದು ಇನ್ನೊಬ್ಬರ ಎದೆಯ ಮೇಲೆ ಹೇರುವುದು ಅವರಿಗೆ ಸರಿ ಕಾಣುತ್ತಿರಲಿಲ್ಲ. ನನ್ನ ದನಿ ಕ್ಲಾಸಿನ ದನಿಯಾಗಿತ್ತು, ಅದು ನನಗೇ ಕೇಳಿಸುತ್ತಿತ್ತು.

ಅತ್ತೆ ಇನ್ನೊಂದು ಹಿಡಿ ಹುಲ್ಲು ಕಿತ್ತರು. ಆಮೇಲೆ ಮೆಲ್ಲಗೆ ಹೇಳಿದರು. "ಮಣ್ಣಾಗೂದು ನಮಗ ಯಾರೂ ಕಲಿಸೂದು ಬ್ಯಾಡವ್ವ. ನಾವು ಬದಿಕಿದ್ದಾಗನ ಮಣ್ಣಾಗಿದ್ವಿ. ನಮ್ಮವ್ವನ್ನ ಹಳ್ಳದ ದಂಡಿಗಿ ಮುಚ್ಚಿದ್ರು. ನಾಯಿ ಕೆದರಬಾರ್ದು ಅಂತ ಮ್ಯಾಲ ಜಾಲಿಮುಳ್ಳ ಹೇರಿದ್ರು. ಆ ವರ್ಸನ ಹಳ್ಳ ಬಂತು. ನಮ್ಮವ್ವನ ಜಾಗ ಎಲ್ಲ್ಯದ ಅಂತ ಕೇಳಿದ್ರ ನಾ ಯಾವ ಕಡಿ ಬಟ್ಟ ಮಾಡಿ ತೋರಸ್ಲಿ? ಮಂದಿ ಅದರ ಮ್ಯಾಲ ದನ ಹೊಡ್ಕೊಂಡ ಹೊಂಟ್ರು. ನಾ ನಿಂತು ನೋಡೀನಿ." ಕಿತ್ತ ಹುಲ್ಲನ್ನು ಪಕ್ಕಕ್ಕೆ ಹಾಕಿ ಮತ್ತೆ ಅಂದರು, "ರಾಯಚೂರಾಗ ನಿಮ್ಮಜ್ಜಗ ಕಲ್ಲದ. ಹೆಸರದ. ಅದಕ್ಕ ನಿನಗ ಕಲ್ಲ ಬ್ಯಾಡ ಅನ್ನಾಕ ಬರ್ತದ."

ಅದು ನಿಜ. ನನ್ನ ಅಜ್ಜ ರೈಲ್ವೆಯಲ್ಲಿದ್ದವರು. ಅವರ ಸಮಾಧಿಗೆ ಕಲ್ಲಿದೆ, ಸುತ್ತ ಕಬ್ಬಿಣದ ಸರಪಳಿಯಿದೆ. ಚಿಕ್ಕಂದಿನಲ್ಲಿ ನಾವು ಅದರ ಮೇಲೆ ಜೋಕಾಲಿ ಆಡಿದ್ದೇವೆ. ನನ್ನ ಗಂಡ ಹೇಳಿದ್ದನ್ನು ಉಳಿಸಿಕೊಡುವುದೊಂದೇ ನನಗೆ ಉಳಿದ ಕೆಲಸ ಎಂದುಕೊಂಡಿದ್ದೆ. ಈ ಮುದುಕಿಗೆ ಅವರನ್ನು ಗುರುತು ಹಿಡಿಯುವಂತೆ ಮಲಗಿಸುವುದೊಂದೇ ಉಳಿದ ಕೆಲಸ. ಇಬ್ಬರ ಕೈಯಲ್ಲೂ ಅವರೇ ಇದ್ದರು.

ಊರಿನ ಫಾದರನ್ನು ಕೇಳಿದೆವು. ಅವರು ವಯಸ್ಸಾದವರು, ವರ್ಗದ ಆದೇಶ ಬಂದು ಪೆಟ್ಟಿಗೆ ಕಟ್ಟುತ್ತಿದ್ದರು. ಪ್ರಭುವನ್ನೇ ಬಂಡೆಯ ಗವಿಯಲ್ಲಿ ಇಟ್ಟಿದ್ದರು, ಕಲ್ಲಿನಿಂದ ದೋಷವೇನಿಲ್ಲ ಎಂದರು. ಅತ್ತೆ ನನ್ನ ಕಡೆ ನೋಡಿದರು. ಆದರೆ ಆ ಗವಿಯ ಬಾಯಿಗಿಟ್ಟ ಕಲ್ಲು ಮೂರೇ ದಿನಕ್ಕೆ ಪಕ್ಕಕ್ಕೆ ಸರಿಯಿತು ಎಂದೂ ಫಾದರೇ ಸೇರಿಸಿದರು. ನಾನು ಅತ್ತೆಯ ಕಡೆ ನೋಡಿದೆ. ಮಣ್ಣಿಗೆ ಮರಳುವುದೂ ನಮ್ಮ ವಿಶ್ವಾಸ, ಸತ್ತವರನ್ನು ಗೌರವಿಸುವುದೂ ನಮ್ಮ ವಿಶ್ವಾಸ, ನೀವಿಬ್ಬರೂ ಕೂತು ಮಾತಾಡಿ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮರುವಾರ ಅವರು ಹೊರಟುಹೋದರು, ಎಳೆಯ ವಯಸ್ಸಿನ ಹೊಸ ಫಾದರ್ ಬಂದರು.

ದಸರಾ ರಜೆಯಲ್ಲಿ ಅತ್ತೆ ಫೋನು ಮಾಡಿ, ದೇವದುರ್ಗಕ್ಕೆ ಹೋಗೋಣ, ಕಲ್ಲು ನೋಡಿ ಬರೋಣ ಎಂದರು. ನಾನು ಆಗಲಿ ಎಂದೆ. ವಾದ ಮಾಡುವಷ್ಟು ಚೈತನ್ಯ ಇರಲಿಲ್ಲ. ಮಣ್ಣಿನ ಕಡೆಗೆ ನಿಲ್ಲುವುದಕ್ಕೂ ಮನುಷ್ಯನಿಗೆ ಒಂದಿಷ್ಟು ಜೀವ ಬೇಕಾಗುತ್ತದೆ. ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಹೇಳುತ್ತ ಬಂದರು: ಗುಡ್ಡ ದೂರದಿಂದಲೇ ಕಾಣುತ್ತದೆ, ಮಲಗಿದ ಎಮ್ಮೆಯ ಬೆನ್ನಿನ ಹಾಗೆ, ಅದರ ನೆರಳು ಸಂಜೆಗೆ ಊರ ಮೇಲೆ ಬರುತ್ತದೆ. ತವರಿಗೆ ಅವರು ಬಂದು ಎಷ್ಟೋ ವರ್ಷಗಳಾಗಿದ್ದವು, ಅಲ್ಲಿ ಅವರವರು ಎಂದು ಈಗ ಯಾರೂ ಇರಲಿಲ್ಲ.

ದೇವದುರ್ಗದಿಂದ ಆಟೋ ಮಾಡಿಕೊಂಡು ಹೋದೆವು. ಊರು ಬಂತು. ಅತ್ತೆ ಆಟೋದವನಿಗೆ ಮುಂದೆ ಹೋಗು, ಇನ್ನೂ ಮುಂದೆ ಹೋಗು ಎನ್ನುತ್ತಲೇ ಇದ್ದರು. ಅವನು ಒಂದು ಕಡೆ ನಿಲ್ಲಿಸಿದ.

"ಯವ್ವಾ, ಇದ ನೋಡ್ರಿ ನೀವು ಹೇಳಿದ್ದು."

ಗುಡ್ಡ ಇರಲಿಲ್ಲ. ಗುಡ್ಡ ಇದ್ದ ಕಡೆ ಒಂದು ದೊಡ್ಡ ತಗ್ಗು. ಅಂಚು ಕತ್ತರಿಸಿದ ಹಾಗೆ ನೆಟ್ಟಗೆ ಕೆಳಗೆ ಇಳಿದಿತ್ತು, ತಳದಲ್ಲಿ ಹಸಿರು ನೀರು ನಿಂತಿತ್ತು. ತುಕ್ಕು ಹಿಡಿದ ಒಂದು ಕ್ರಷರ್ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ಬೇವಿನ ಮರ ಎಲ್ಲಿತ್ತು ಎಂದು ನಾನು ಕೇಳಲಿಲ್ಲ. ಅತ್ತೆ ಆ ಕಡೆ ಈ ಕಡೆ ನೋಡಿದರು. ನೋಡಿದ ರೀತಿಯಲ್ಲೇ, ಅದು ಈಗ ನೀರಿನ ಮೇಲೆ ಬರಿ ಗಾಳಿಯಿರುವ ಕಡೆಯಲ್ಲೆಲ್ಲೋ ಇತ್ತು ಎಂದು ತಿಳಿಯಿತು.

ದಾರಿಯ ಬದಿಯಲ್ಲಿ ಕಲ್ಲು ಮಾರುವ ಒಂದು ತಗಡಿನ ಶೆಡ್ಡಿತ್ತು. ಅಲ್ಲಿದ್ದವನು ನಮ್ಮನ್ನು ಕಂಡು ಬಂದ. "ಬರ್ರಿ ಅಮ್ಮಾ, ಗೋರಿಗೇನ್ರಿ? ಕರೇದು ಅದ, ಕೆಂಪಂದು ಅದ. ಕನ್ನಡಿ ಹಂಗ ಪಾಲೀಸ್ ಮಾಡಿ ಕೊಡ್ತೀವ್ರಿ."

"ಈ ಗುಡ್ಡದ್ದು ಅದ ಏನು?" ಅತ್ತೆ ಕೇಳಿದರು.

"ಈ ಗುಡ್ಡ ಎಲ್ಲ್ಯದ್ರಿ ಈಗ. ಇದೆಲ್ಲ ಜಲ್ಲಿ ಆಗಿ ರೋಡಿಗಿ ಹ್ವಾತು. ಇವು ಹೊರಗಿನವು, ಲಾರಿ ಮ್ಯಾಲ ಬರ್ತಾವ."

ಅವನು ಒಂದು ಹಾಸಿನ ಮೇಲೆ ಕೈಯಾಡಿಸಿ ತೋರಿಸಿದ. ಅತ್ತೆಯೂ ಕೈಯಿಟ್ಟು ನೋಡಿದರು. ಕಲ್ಲಿನ ಮೇಲೆ ಅಂಗೈ ಇಟ್ಟು ಎಷ್ಟೋ ಹೊತ್ತು ನಿಂತಿದ್ದರು. ಆಮೇಲೆ ಸೆರಗು ಹೊದ್ದುಕೊಂಡು ಆಟೋದ ಕಡೆ ನಡೆದರು. ಶೆಡ್ಡಿನವನು ಬೆಲೆ ಕಡಿಮೆ ಮಾಡುತ್ತೇನೆ ಎಂದು ಹಿಂದೆ ಬಂದ. ಅವರು ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಒಂದು ಮಾತು ಹೇಳಿದರು. "ಅದನ್ನ ನಾವ ತಿಂದಿವಿ ಬೇ. ನಾ ಒಡದಿದ್ದೂ ಅದರಾಗ ಅದ." ನಾನು ಅಂದೆ, ನೀವು ಸುತ್ತಿಗೆಯಲ್ಲಿ ಒಡೆದದ್ದಕ್ಕೆ ಗುಡ್ಡ ಕರಗುವುದಿಲ್ಲ, ಮಷೀನು ಬಂದು ತಿಂದಿದೆ, ನಿಮಗೆ ಹೊಟ್ಟೆಗೂ ಸಾಲುವಷ್ಟು ಕೊಡಲಿಲ್ಲ. "ಹೂಂ," ಎಂದರು. ಕಲ್ಲು ಬೇಡ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಮತ್ತೆ ಕೇಳಲೂ ಇಲ್ಲ. ನಾನು ಗೆದ್ದೆ ಎಂದುಕೊಳ್ಳಬಹುದಿತ್ತು. ಏನೂ ಅನಿಸಲಿಲ್ಲ.

ಸತ್ತವರ ದಿನ ಬಂತು. ನಾನು ರಾಯಚೂರಿನಿಂದ ಮೊದಲ ಬಸ್ಸಿಗೇ ಹೊರಟು ಹೋಗಿ ಅತ್ತೆಯನ್ನು ಕರೆದುಕೊಂಡು ಸಮಾಧಿ ಭೂಮಿಗೆ ಹೋದೆ. ಆಗಲೇ ಜನ ತುಂಬಿದ್ದರು. ಎಲ್ಲರೂ ತಮ್ಮ ತಮ್ಮ ಕಲ್ಲುಗಳನ್ನು ತೊಳೆದು, ಚೆಂಡುಹೂ ಹಾಕಿ, ಮೇಣದ ಬತ್ತಿ ಹಚ್ಚಿಕೊಂಡು ನಿಂತಿದ್ದರು. ಹಿಂದಿನ ದಿನ ಯಾರೋ ಪುಣ್ಯಾತ್ಮರು ಇಡೀ ಜಾಗಕ್ಕೆ ಕಳೆಯ ಔಷಧಿ ಹೊಡೆಸಿ ಸ್ವಚ್ಛ ಮಾಡಿಸಿದ್ದರು. ಭತ್ತದ ಬದುವಿಗೆ ಹೊಡೆಯುವ ಔಷಧಿಯೇ ಅದು. ನಮ್ಮ ದಿಬ್ಬದ ಹುಲ್ಲು ಸೊರಗಿ ಮಲಗಿತ್ತು. ಅದು ಈಗ ದಿಬ್ಬವೂ ಆಗಿರಲಿಲ್ಲ. ನೆಲಕ್ಕೆ ನೆಲ ಸಮವಾಗಿತ್ತು. ಎರಡು ಕಲ್ಲುಗಳ ನಡುವಿನ ಓಡಾಡುವ ದಾರಿ ಎಂದರೂ ನಂಬಬಹುದಿತ್ತು.

ಗಾಳಿ ಬೀಸುತ್ತಿತ್ತು, ಬತ್ತಿ ನಿಲ್ಲುತ್ತಿರಲಿಲ್ಲ. ಹೂವು ಇನ್ನೂ ಚೀಲದಲ್ಲೇ ಇತ್ತು. ನಾನೂ ಅತ್ತೆಯೂ ಪಕ್ಕದ ಎತ್ತರದ ಗೋರಿಯ ಮರೆಗೆ ಸರಿದು ಕಡ್ಡಿ ಗೀರುತ್ತಿದ್ದೆವು. ಅಷ್ಟರಲ್ಲಿ ಹೊಸ ಫಾದರ್ ನಮ್ಮ ಸಾಲಿಗೆ ಬಂದರು. ಪಕ್ಕದ ಕಲ್ಲಿಗೆ ಪ್ರಾರ್ಥನೆ ಮಾಡಬೇಕಿತ್ತು. ನಿಲ್ಲಲು ಜಾಗ ನೋಡಿದರು. ಬೇರೆಯವರ ಕಲ್ಲನ್ನು ತುಳಿಯಬಾರದೆಂದು ಎಚ್ಚರದಿಂದ ಸುತ್ತು ಹಾಕಿ ಬಂದು, ಖಾಲಿ ಕಂಡ ಮಣ್ಣಿನ ಮೇಲೆ ನಿಂತರು. ನನ್ನ ಗಂಡನ ಎದೆ ಇರುವ ಕಡೆ. ಕೈ ಜೋಡಿಸಿ, ಕಣ್ಣು ಮುಚ್ಚಿ, ಬಹಳ ಭಕ್ತಿಯಿಂದ ಇನ್ನೊಬ್ಬರ ಆತ್ಮಕ್ಕೆ ಪ್ರಾರ್ಥಿಸತೊಡಗಿದರು. ಅವರ ಕರಿ ಬೂಟಿನ ಹಿಮ್ಮಡಿ ಮೆತ್ತನೆಯ ಮಣ್ಣಿನಲ್ಲಿ ಇಳಿದಿತ್ತು. ಹಿಂದೆ ಬಂದವರೂ ಅಲ್ಲೇ ನಿಂತರು, ಒಬ್ಬರು, ಇಬ್ಬರು, ಕಂಕುಳಲ್ಲಿ ಕೂಸಿದ್ದ ಒಬ್ಬ ಹೆಂಗಸು.

ನನಗೆ ಸಿಟ್ಟು ಬಂತು. ನನ್ನ ಗಂಡ ಹೋದ ಮೇಲೆ ಮೊದಲ ಸಲ ನನ್ನೊಳಗೆ ಏನೋ ಒಂದು ಬಂತು, ಅದು ಸಿಟ್ಟು. ಕೈಕಾಲು ಬಿಸಿಯಾದವು. ನನಗೆ ಕಲ್ಲು ಬೇಕಾಯಿತು. ಹೊರಗಿನದಾಗಲಿ, ಲಾರಿಯದಾಗಲಿ, ಯಾವ ಗುಡ್ಡದ್ದಾದರೂ ಆಗಲಿ, ತಲೆಯಿಂದ ಪಾದದ ತನಕ ಒಂದು ದಪ್ಪ ಹಾಸು, ಹೆಸರು, ಸುತ್ತ ಸರಪಳಿ. ಮಣ್ಣು, ಹುಲ್ಲು, ಆಡು ಎಂದದ್ದೆಲ್ಲ ಬಚ್ಚಲಲ್ಲಿ ಸಾಬೂನು ಹಚ್ಚಿಕೊಂಡು ಆಡಿದ ಮಾತು. ಆಗ ಅವರು ಬದುಕಿದ್ದರು.

ನಾನು ಮುಂದೆ ಹೆಜ್ಜೆ ಇಟ್ಟೆ. "ಫಾದರ್, ನಿಮ್ಮ ಕಾಲ ಕೆಳಗ ನಮ್ಮನಿಯವ್ರು ಅದಾರ್ರಿ," ಎಂದು ಹೇಳಲು ಬಾಯಿ ತೆರೆದಿದ್ದೆ. ಅತ್ತೆ ನನ್ನ ಮುಂಗೈ ಹಿಡಿದರು. ಕಲ್ಲು ಒಡೆದ ಕೈ, ಹಿಡಿದರೆ ಬಿಡಿಸಿಕೊಳ್ಳಲಾಗುವುದಿಲ್ಲ. ಅವರು ನನ್ನನ್ನು ನೋಡುತ್ತಿರಲಿಲ್ಲ, ಆ ಬೂಟುಗಳನ್ನೇ ನೋಡುತ್ತಿದ್ದರು.

"ಅತ್ತಿ, ಕಲ್ಲ ಹಾಕ್ಸೂಣ್ರಿ," ಎಂದೆ. ನನಗೆ ಅಳು ಬಂದಿತ್ತು.

"ಬ್ಯಾಡ," ಎಂದರು. "ತುಳೀಲಿ ಬಿಡು. ಅಂವ ಬೇಡಿದ್ದು ಇದನ್ನ."

ನನ್ನ ಮುಂಗೈಯನ್ನು ಅವರು ಬಿಡಲಿಲ್ಲ. ಪ್ರಾರ್ಥನೆ ಮುಗಿಯುವ ತನಕ ನಾವಿಬ್ಬರೂ ಹಾಗೆಯೇ ನಿಂತಿದ್ದೆವು. ನಾನು ಅವರಿಗೆ ಹೇಳಿಕೊಟ್ಟ ಮಾತನ್ನೇ ಅವರು ನನಗೆ ಹೇಳಿದ್ದರು, ಅದನ್ನು ಸಹಿಸಿಕೊಳ್ಳುವುದು ನನಗಿಂತ ಅವರಿಗೇ ಚೆನ್ನಾಗಿ ಬರುತ್ತಿತ್ತು.